ಸೈರನ್ ಕೂಗಿದರೆ ನಾವು ಎತ್ತ ಓಡಬೇಕು?

(ಸುರತ್ಕಲ್ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಬರುವಾಗ ನೀವೆಲ್ಲ ಆ ಟ್ಯಾಂಕುಗಳನ್ನು ನೋಡಿಯೇ ಬಂದಿದ್ದೀರಿ. ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿ ಹೋಗಿದೆ. ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್‌ನ ಎಣ್ಣೆ ಟ್ಯಾಂಕುಗಳು, ಪಣಂಬೂರಿನಲ್ಲಿ ನಾವು ಇವತ್ತಿಗೂ ಎಂಸಿಎಫ್ ಎಂದೇ ಕರೆಯುವ ಗೊಬ್ಬರ ಕಾರ್ಖಾನೆಯ ಅಮೋನಿಯಾ, ಬಂದರಿನ ಸುತ್ತ ಇನ್ನೆಷ್ಟೋ. ಅದರಲ್ಲಿ ಎಂತ ಉಂಟು, ಸೋರಿದರೆ ಎಂತ ಆಗುತ್ತದೆ, ಆವಾಗ ಮುದಿ ತಾಯಿಯನ್ನು ಹೊತ್ತುಕೊಂಡು ಎತ್ತ ಓಡಬೇಕು? ಗೊತ್ತಿದ್ದವರು ಕೈ ಎತ್ತಿ ಎಂದರೆ ಇಲ್ಲಿ ಒಂದು ಕೈಯೂ ಏಳುವುದಿಲ್ಲ. ನಮ್ಮದೂ ಸೇರಿಸಿಯೇ ಹೇಳುತ್ತಿದ್ದೇವೆ.

ನಾವು ಟ್ಯಾಂಕಿನ ಬುಡಕ್ಕೆ ಹೋಗಿ ಮನೆ ಕಟ್ಟಿಕೊಂಡವರಲ್ಲ. ನವಮಂಗಳೂರು ಬಂದರಿಗಾಗಿ ಪಣಂಬೂರಿನಿಂದ ಎಬ್ಬಿಸಿದ ಜನರನ್ನು ಕಾಟಿಪಳ್ಳ, ಕೃಷ್ಣಾಪುರದಲ್ಲಿ ಕೂರಿಸಿದರು. ಬಂದರು ಉದ್ಘಾಟನೆ ಆದದ್ದು 1975ರಲ್ಲಿ. ಮರುವರ್ಷ ಗೊಬ್ಬರ ಕಾರ್ಖಾನೆ. 1996ಕ್ಕೆ ಕಾಟಿಪಳ್ಳದ ಪಕ್ಕದಲ್ಲೇ ರಿಫೈನರಿ. ಒಮ್ಮೆ ಎಬ್ಬಿಸಿದ ಜನರನ್ನು ಹುಡುಕಿಕೊಂಡು ಟ್ಯಾಂಕುಗಳೇ ಬಂದವು. ಪರಿಹಾರವೆಂಬುದು ಆರ್‌ಟಿಸಿ ನೋಡಿ ಬರುತ್ತದೆ. ಇನ್ನೊಬ್ಬರ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನ ಹೆಸರು ಯಾವ ಆರ್‌ಟಿಸಿಯಲ್ಲಿ ಇತ್ತು? ಆ ಪಟ್ಟಿಯಲ್ಲಿ ಇಲ್ಲದವನು ಅವಘಡದ ದಿನ ಕಾಪಾಡಬೇಕಾದವರ ಪಟ್ಟಿಯಲ್ಲಾದರೂ ಇದ್ದಾನೆಯೇ ಎಂಬುದು ನಮ್ಮ ಪ್ರಶ್ನೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್‌ನ 610ನೇ ನಂಬರಿನ ಟ್ಯಾಂಕಿನಿಂದ ವಿಷ ಹೊರಟಿತು. ಗೋಡೆಯಾಚೆ ಇದ್ದದ್ದು ಬಡವರ ಗುಡಿಸಲು. ಊರಿಗೆ ಕೇಳುವ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತುಹೋಯಿತು. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಿರಿ ಎಂಬ ಒಂದು ಮಾತನ್ನು ಆ ಜನಕ್ಕೆ ಮೊದಲೇ ಹೇಳಿಟ್ಟವರಿರಲಿಲ್ಲ. ಹಳೆಯ ಕತೆ ಎನ್ನುತ್ತೀರಾ? 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ಸ್ಟೈರೀನ್ ಟ್ಯಾಂಕು ಕಾದು ಆವಿ ಹೊರಟಿತು. ಹನ್ನೆರಡು ಜನ ಸತ್ತರು. ಸೈರನ್ ಒತ್ತುವ ಜಾಗ 36 ಇದ್ದವು, ಒಂದನ್ನೂ ಒತ್ತಲಿಲ್ಲ ಎಂದು ಸರ್ಕಾರದ ಸಮಿತಿಯೇ ಬರೆಯಿತು. ಮೂವತ್ತಾರನೇ ವರ್ಷ ನಡೆಯುತ್ತಿತ್ತು, ಮೂವತ್ತಾರು ಗುಂಡಿ ಇತ್ತು.

ಜೈಪುರದ ಮಾತನ್ನು ಸ್ವಲ್ಪ ನಿಧಾನವಾಗಿ ಕೇಳಿ, ಅದಕ್ಕೂ ನಮ್ಮ ಮಳೆಗೂ ಸಂಬಂಧ ಉಂಟು. 2009ರ ಅಕ್ಟೋಬರ್ 29ರ ಸಂಜೆ ಇಂಡಿಯನ್ ಆಯಿಲ್ ಡಿಪೋದಲ್ಲಿ ಪೆಟ್ರೋಲು ಪೈಪಿಗೆ ಬಿಡುವಾಗ ಚಿಮ್ಮಿತು. ಹತ್ತಿರ ಹೋದವರು ಆವಿಗೆ ಸಿಕ್ಕಿ ಬಿದ್ದರು. ದೂರದಿಂದ ವಾಲ್ವು ಮುಚ್ಚುವ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ. ಸುಮಾರು ಒಂದೂಕಾಲು ತಾಸು ಸೋರಿ, ಆವಿ ಮೋಡದ ಹಾಗೆ ಹರಡಿ, ಆಮೇಲೆ ಸ್ಫೋಟ. ಹನ್ನೊಂದು ಟ್ಯಾಂಕು ಹತ್ತಿ ದಿನಗಟ್ಟಲೆ ಉರಿದವು. ಸತ್ತವರಲ್ಲಿ ಹೊರಗಿನವರೂ ಇದ್ದರು. ಟ್ಯಾಂಕಿನ ಸುತ್ತ ಒಂದು ಕಟ್ಟೆ ಇರುತ್ತದೆ, ಡೈಕ್ ಎನ್ನುತ್ತಾರೆ. ಒಳಗಿನ ಅತಿ ದೊಡ್ಡ ಟ್ಯಾಂಕು ಒಡೆದರೂ ಅಷ್ಟೂ ಎಣ್ಣೆ ಅದರೊಳಗೇ ನಿಲ್ಲಬೇಕು. ಕಟ್ಟೆಗೆ ನೀರು ಬಿಡಲು ಒಂದು ವಾಲ್ವು ಉಂಟು. ಜೈಪುರದಲ್ಲಿ ಅದು ತೆರೆದಿತ್ತು, ಪೆಟ್ರೋಲು ಚರಂಡಿ ಹಿಡಿದು ಹೋಯಿತು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಮಳೆ ಹೊಡೆಯುತ್ತದೆ, ಕಟ್ಟೆಯೊಳಗೆ ನೀರು ನಿಲ್ಲುತ್ತದೆ, ಹೊರಗೆ ಬಿಡಲೇ ಬೇಕು. ಬಿಟ್ಟವರು ಪ್ರತಿ ಸಲ ಮುಚ್ಚುತ್ತಾರಾ? ಮುಚ್ಚಿದ್ದನ್ನು ಯಾರು ನೋಡುತ್ತಾರೆ? ಚರಂಡಿಯ ಮುಂದೆ ತೋಡು, ತೋಡಿನ ಬದಿಯಲ್ಲಿ ಮನೆ. ಅಲ್ಲಿ ಯಾರ ಮನೆ ಎಂದು ನಾವು ಹೇಳಬೇಕಾಗಿಲ್ಲ.

ನಮ್ಮೂರಿನಲ್ಲೇ 2025ರ ಜುಲೈ 12ರಂದು ಎಂಆರ್‌ಪಿಎಲ್ ಒಳಗೆ ಟ್ಯಾಂಕಿನ ಮೇಲ್ಗಡೆ ನೋಡಲು ಹತ್ತಿದ ಇಬ್ಬರು ನೌಕರರು ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಸಿಕ್ಕಿ ತೀರಿಹೋದರು. ಎಬ್ಬಿಸಲು ಹೋದ ಮೂರನೆಯವರೂ ಆಸ್ಪತ್ರೆ ಸೇರಿದರು. ಅವರು ಕೆಲಸ ಕಲಿತ ನೌಕರರು. ಹಾಗಿದ್ದ ಮೇಲೆ ದಿನಗೂಲಿಗೆ ಟ್ಯಾಂಕು ತೊಳೆಯಲು, ಅಡಿಯ ಕೆಸರು ಬಾಚಲು ಇಳಿಯುವ ನಮ್ಮ ಹುಡುಗರ ಗತಿ ಏನು? ಈ ಅನಿಲ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಹೆಚ್ಚಾದರೆ ಮೂಗೇ ಸತ್ತುಹೋಗಿ ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎನ್ನುವ ಮೇಸ್ತ್ರಿಯ ಮಾತು ಕೇಳಬೇಡಿ. ಅನಿಲ ಅಳೆದು ಚೀಟಿ ತೋರಿಸಲಿ, ಆಮ್ಲಜನಕ ನೂರಕ್ಕೆ 19.5ಕ್ಕಿಂತ ಕೆಳಗಿದ್ದರೆ ಇಳಿಯುವುದಿಲ್ಲ ಎನ್ನಿ. ಸೊಂಟಕ್ಕೆ ಹಗ್ಗ, ಬಾಯಿಯ ಹೊರಗೆ ಕಾವಲಿಗೆ ಒಬ್ಬ. ಒಳಗೆ ಬಿದ್ದವನನ್ನು ಎತ್ತಲು ಉಸಿರಾಟದ ಸಿಲಿಂಡರ್ ಇಲ್ಲದೆ ಅಣ್ಣನಾದರೂ ಇಳಿಯಬಾರದು. ಕಷ್ಟದ ಮಾತು, ಆದರೆ ಒಂದು ಹೆಣದ ಹಿಂದೆ ಎರಡು ಹೆಣ ಬೀಳುವುದು ಹೀಗೆಯೇ.

ಈಗ ಮನೆಯ ಮಾತು. ಅಕ್ಕಂದಿರು ಗಮನ ಕೊಡಬೇಕು, ಅವಘಡದ ಹೊತ್ತಿಗೆ ಮನೆಯಲ್ಲಿರುವವರು ನೀವು. ತೈಲ ಕಂಪನಿಗಳ ಸುರಕ್ಷತಾ ನಿಯಮದಲ್ಲಿ ಏರಿಳಿದು ಕೂಗುವ ಸೈರನ್ ಅಂದರೆ ಬೆಂಕಿ. ಅದೇ ಮತ್ತೆ ಮತ್ತೆ ಮೂರು ಸಲ ಬಂದರೆ ದೊಡ್ಡ ಅವಘಡ. ಒಂದೇ ಸಮನೆ ಎರಡು ನಿಮಿಷ ಕೂಗಿದರೆ ಮುಗಿಯಿತು ಎಂದು, ಅಥವಾ ಬರೀ ಪರೀಕ್ಷೆ. ಆಮೇಲೆ ಗಾಳಿ ನೋಡಿ. ಒಣಗಲು ಹಾಕಿದ ಬಟ್ಟೆ ಎತ್ತ ಹಾರುತ್ತದೆ ನೋಡಿದರೆ ಸಾಕು. ಸಾಮಾನ್ಯವಾಗಿ ಹಗಲು ಕಡಲಿನಿಂದ ಊರಿಗೆ, ಅಂದರೆ ಪಣಂಬೂರಿನಿಂದ ಜೋಕಟ್ಟೆ ಕಡೆಗೆ. ರಾತ್ರಿ ಊರಿನಿಂದ ಕಡಲಿಗೆ. ಓಡುವುದು ಗಾಳಿಯ ಜೊತೆಗಲ್ಲ, ಗಾಳಿಗೆ ಅಡ್ಡವಾಗಿ. ಅಮೋನಿಯಾವನ್ನು ನೀರು ಹೀರಿಕೊಳ್ಳುತ್ತದೆ, ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿ. ಹೊರಗೆ ಹೋಗಲಾಗದಿದ್ದರೆ ಬಾಗಿಲು ಮುಚ್ಚಿ ಸಂದಿಗೆ ಒದ್ದೆ ಸೀರೆ ತುರುಕಿ. ಗ್ಯಾಸಿನ ವಾಸನೆಯಾದರೆ ಒಲೆ ಆರಿಸಿ, ಸ್ವಿಚ್ಚು ಮುಟ್ಟಬೇಡಿ, ಬೈಕು ಸ್ಟಾರ್ಟ್ ಮಾಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಬೈಲಿಗೆ, ತೋಡಿಗೆ ಇಳಿಯುತ್ತದೆ. ನೀವು ಗುಡ್ಡೆ ಹತ್ತಬೇಕು.

ಮತ್ತೊಂದು, ಬೆಂಕಿ ನೋಡಲು ಹೋಗುವ ಚಟ ಬಿಡಿ. ಕಚ್ಚಾ ಎಣ್ಣೆಯ ಟ್ಯಾಂಕಿನ ಅಡಿಯಲ್ಲಿ ನೀರು ನಿಂತಿರುತ್ತದೆ. ಮೇಲಿನ ಬಿಸಿ ಇಳಿದು ಆ ನೀರಿಗೆ ತಾಗಿದರೆ, ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಇಡೀ ಟ್ಯಾಂಕೇ ಉಕ್ಕುತ್ತದೆ. ವೆನೆಜುವೆಲಾದ ಟಕೋವಾದಲ್ಲಿ 1982ರ ಡಿಸೆಂಬರಿನಲ್ಲಿ, ಬೆಂಕಿ ಹತ್ತಿ ಎಷ್ಟೋ ತಾಸಾದ ಮೇಲೆ ಹೀಗೆ ಉಕ್ಕಿ ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಬೆಂಕಿ ಆರಿಸುವವರ ಜೊತೆ ನೋಡುತ್ತಾ ನಿಂತವರೂ ಇದ್ದರು.

ಇದನ್ನೆಲ್ಲ ನಾವು ಇಲ್ಲಿ ಕೂಗಿ ಹೇಳಬೇಕಾದದ್ದೇ ನಾಚಿಕೆ. ಹೇಳಬೇಕಾದವರು ಬೇರೆ. ಭೋಪಾಲದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದಲ್ಲಿ, ಗೋಡೆಯ ಹೊರಗಿನ ಜನಕ್ಕೆ ಅಪಾಯ ಎಂಥದ್ದು, ಏನು ಮಾಡಬೇಕು ಮಾಡಬಾರದು ಎಂದು ತಿಳಿಸುವುದು ಕಾರ್ಖಾನೆಯವರ ಕರ್ತವ್ಯ. ಹೊರಗಿನ ಯೋಜನೆಯ ಅಣಕು ಕಾರ್ಯಾಚರಣೆ ವರ್ಷಕ್ಕೊಮ್ಮೆ ಆಗಬೇಕು. 1996ರ ನಿಯಮದಲ್ಲಿ ಸ್ಥಳೀಯ ಬಿಕ್ಕಟ್ಟು ಸಮಿತಿ ಉಂಟು, ತಿಂಗಳಿಗೊಮ್ಮೆ ಸೇರಬೇಕು. ಅದರಲ್ಲಿ ಅಧಿಕಾರಿಗಳು, ಕಂಪನಿಯವರು ಮಾತ್ರ ಅಲ್ಲ. ಊರಿನ ಮುಖಂಡರು, ಇಬ್ಬರು ವೈದ್ಯರು, ಇಬ್ಬರು ಸಮಾಜ ಸೇವಕರು ಇರಬೇಕೆಂದು ಬರೆದಿದೆ. ಊರಿನ ಮುಖಂಡ ಎಂದರೆ ಯಾರನ್ನು ಕರೆಯುತ್ತಾರೆ ಎಂಬುದು ನಮಗೆ ಗೊತ್ತು. ಗುತ್ತು ಮನೆಯವರು ಬಂದು ಚಹಾ ಕುಡಿದು ಸಹಿ ಹಾಕಿ ಹೋದರೆ ತೋಡಿನ ಬದಿಯ ಮನೆಗೆ ಸುದ್ದಿ ತಲಪುವುದಿಲ್ಲ.

ಹಾಗಾಗಿ ಡಿಸಿಯವರಿಗೆ ಮನವಿ ಬರೆದಿದ್ದೇವೆ. ಆ ಸಮಿತಿಯಲ್ಲಿ ಕಾಲನಿಯಿಂದ ಇಬ್ಬರು, ಅದರಲ್ಲಿ ಒಬ್ಬರು ಹೆಂಗಸು. ಯೋಜನೆ ಕನ್ನಡದಲ್ಲಿ, ಪಂಚಾಯ್ತಿಯ ಗೋಡೆಯ ಮೇಲೆ. ಅಣಕು ಕಾರ್ಯಾಚರಣೆ ಕಾರ್ಖಾನೆಯ ಗೇಟಿನಲ್ಲಿ ಮಾತ್ರವಲ್ಲ, ಕಾಲನಿಯಲ್ಲಿ, ಒಂದು ಸಲವಾದರೂ ರಾತ್ರಿ ಹೊತ್ತು. ನಡೆಯಲಾಗದವರನ್ನು ಸಾಗಿಸುವ ಗಾಡಿ ಯಾವುದು, ಎಲ್ಲಿ ನಿಲ್ಲುತ್ತದೆ, ಲಿಖಿತವಾಗಿ. ಅದು ಬರುವ ತನಕ ಪ್ರತಿ ಹತ್ತು ಮನೆಗೆ ಒಬ್ಬ ಹುಡುಗ, ಒಬ್ಬ ಹುಡುಗಿ ಮುದುಕರ, ಬಾಣಂತಿಯರ ಪಟ್ಟಿ ಮಾಡಿಕೊಳ್ಳಲಿ. 112, ಡಿಸಿ ಕಚೇರಿಯ 1077, ಎರಡನ್ನೂ ಬಾಗಿಲ ಮೇಲೆ ಬರೆದಿಡಲಿ.

ಮನವಿಯ ಪ್ರತಿ ಮೇಜಿನ ಮೇಲೆ ಉಂಟು. ಓದಲು ಬಾರದವರು ಓದಿಸಿ ಕೇಳಿ, ಆಮೇಲೆಯೇ ಹೆಬ್ಬೆಟ್ಟು ಒತ್ತಿ. ಇಂಕಿನ ಪ್ಯಾಡು ಬಾಗಿಲ ಹತ್ತಿರ ಇಟ್ಟಿದ್ದೇವೆ.

ಜೈಭೀಮ್.