ಮನೆ ಮಾಡುವ ಮುನ್ನ ಬೀದಿಯ ಮಾತು ಕೇಳಿ

ಪರಸ್ಥಳದಲ್ಲಿ ಮನೆ ಮಾಡಬೇಕೆನ್ನುವವರು ಬಾಡಿಗೆ, ನೀರು, ಮಕ್ಕಳ ಶಾಲೆ ಇವನ್ನೆಲ್ಲ ವಿಚಾರಿಸುವುದು ವಾಡಿಕೆ. ಅಲ್ಲಿಯ ಬೀದಿಯಲ್ಲಿ ಜನ ಹೇಗೆ ಮಾತಾಡುತ್ತಾರೆಂದು ಕೇಳುವವರು ವಿರಳ. ಕೇಳಿದರೂ ಮಾತನ್ನು ಅರಿಯುವುದಕ್ಕಾಗಿ ಕೇಳುವುದಿಲ್ಲ, ಜನರನ್ನು ತೂಗಿ ನೋಡುವುದಕ್ಕಾಗಿ ಕೇಳುತ್ತಾರೆ. ನಾನೂ ಆ ತಪ್ಪು ಮಾಡಿದವನೇ. ಆದುದರಿಂದಲೇ ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ತಂಗಿಯ ಮಗಳು ಗಂಡ ಮತ್ತು ಮಗನೊಡನೆ ನ್ಯೂಯಾರ್ಕ್ ನಗರದಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಅವರು ಕ್ವೀನ್ಸ್ ಭಾಗದ ಜ್ಯಾಕ್ಸನ್ ಹೈಟ್ಸ್ ಎಂಬ ಬಡಾವಣೆಯಲ್ಲಿ ಮನೆ ಹುಡುಕುತ್ತಿದ್ದರು. ಅಲ್ಲಿಯ 74ನೆಯ ಬೀದಿಯಲ್ಲಿ ನಮ್ಮ ದೇಶದ ಬೇಳೆ, ಸೀರೆ, ಒಡವೆಗಳ ಅಂಗಡಿಗಳಿವೆ. ನಾಲ್ಕು ಹೆಜ್ಜೆ ನಡೆದರೆ ರೂಸ್‌ವೆಲ್ಟ್ ಅವೆನ್ಯೂ. ಅದರ ನೆತ್ತಿಯ ಮೇಲೆ ಉಕ್ಕಿನ ಕಂಬಗಳನ್ನೇರಿ ಓಡುವ 7ನೆಯ ನಂಬರಿನ ರೈಲು. ಕೆಳಗೆ ಎಲ್ಲೆಲ್ಲೂ ಸ್ಪ್ಯಾನಿಷ್ ಮಾತು. 1965ರ ವಲಸೆ ಕಾನೂನು ಏಷ್ಯದವರಿಗೆ ಬಾಗಿಲು ತೆರೆದ ಮೇಲೆ ನಮ್ಮವರು ಅಲ್ಲಿಗೆ ಬಂದರು. ಕೊಲಂಬಿಯ, ಎಕ್ವಡಾರ್, ಮೆಕ್ಸಿಕೊ, ಡೊಮಿನಿಕನ್ ದೇಶದವರೂ ಆ ಸುತ್ತಿನಲ್ಲಿ ನೆಲೆಸಿದರು.

ಪರಿಚಿತರೊಬ್ಬರು ನನ್ನ ಸೊಸೆಯನ್ನು ಹೆದರಿಸಿದರು. ಅವಳು ನನಗೆ ಫೋನು ಮಾಡಿದಳು: “ಮಾವ, ನಾನು ಕಾಲೇಜಿನಲ್ಲಿ ಕಲಿತ ಸ್ಪ್ಯಾನಿಷ್ ಅಲ್ಲವಂತೆ ಅದು. ಕೆಟ್ಟುಹೋದ ಭಾಷೆಯಂತೆ. ಮಗು ಅದನ್ನೇ ಕಲಿತರೆ ಏನು ಗತಿ? ಭಾಷೆ ಓದಿದವರು ನೀವು, ಹೇಳಿ.”

“ಬೇಡಮ್ಮ, ಬೇರೆ ಕಡೆ ನೋಡು” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಬ್ಬ ಹುಡುಗನ ನೆನಪಾಯಿತು. ನಾನು ಮೇಷ್ಟರಾದ ಹೊಸದರಲ್ಲಿ, ಧಾರವಾಡದ ಕಡೆಯಿಂದ ಮೈಸೂರು ಸೀಮೆಗೆ ಬಂದ ಹುಡುಗ ಪ್ರಬಂಧದಲ್ಲಿ “ಬೆಲ್ಲ ತುಟ್ಟಿಯಾಗಿದೆ” ಎಂದು ಬರೆದಿದ್ದ. ಕೆಂಪು ಶಾಯಿಯಿಂದ ಹೊಡೆದುಹಾಕಿ “ದುಬಾರಿ” ಎಂದು ತಿದ್ದಿದೆ. ತರಗತಿಯೆಲ್ಲ ನಗುವಂತೆ ಓದಿಯೂ ಹೇಳಿದೆ. ತಿಂಗಳು ತಿಂಗಳೂ ನಾನು ಸಹಿ ಮಾಡಿ ಪಡೆಯುತ್ತಿದ್ದ ಸಂಬಳದಲ್ಲಿ ತುಟ್ಟಿಭತ್ಯೆ ಎಂಬುದೊಂದಿತ್ತು. ಅದು ಆಗ ನನಗೆ ಹೊಳೆಯಲಿಲ್ಲ. ಆ ಹುಡುಗ ವರ್ಷ ಮುಗಿಯುವವರೆಗೆ ನನ್ನ ತರಗತಿಯಲ್ಲಿ ತಾನಾಗಿ ಬಾಯಿ ತೆರೆಯಲಿಲ್ಲ.

ಆದ್ದರಿಂದ ಸೊಸೆಗೆ ಎರಡು ದಿನದ ವಾಯಿದೆ ಕೇಳಿ, ಪುಸ್ತಕಗಳನ್ನು ತೆರೆದು ಕುಳಿತೆ.

ತಿಳಿದುಬಂದದ್ದು ಸ್ವಾರಸ್ಯವಾಗಿತ್ತು. ಡೊಮಿನಿಕನ್ನರೂ ಪೋರ್ಟೊರಿಕೊದವರೂ ಬಸ್ಸಿಗೆ “ಗ್ವಾಗ್ವಾ” ಎನ್ನುತ್ತಾರೆ. ಎಕ್ವಡಾರಿನ ಬೆಟ್ಟದ ಸೀಮೆಯಲ್ಲಿ ಅದೇ ಶಬ್ದಕ್ಕೆ ಕೂಸು ಎಂದರ್ಥ. ಅದು ಅಲ್ಲಿಯ ಮೂಲನಿವಾಸಿಗಳ ಕೆಚುವಾ ಭಾಷೆಯಿಂದ ಬಂದದ್ದು. ಒಬ್ಬಾಕೆ “ಗ್ವಾಗ್ವಾ ಬಂತು” ಎಂದು ಓಡಿದರೆ, ಪಕ್ಕದಾಕೆ ಯಾರಿಗೆ ಹೆರಿಗೆಯಾಯಿತೆಂದು ಕೇಳಬೇಕು! “ಅಓರೀತ” ಎಂಬ ಮಾತಿಗೆ ಮೆಕ್ಸಿಕೊದವರಲ್ಲಿ ಈಗಲೇ, ಇಲ್ಲವೆ ಇನ್ನೇನು ಎಂಬ ಅರ್ಥ. ಪೋರ್ಟೊರಿಕೊದವರಲ್ಲಿ ಆಮೇಲೆ ಎಂದರ್ಥ. ಹೊರಡುವಾಗ “ಬರುತ್ತೇನೆ” ಎನ್ನುವ ನಾವು ಇದಕ್ಕೆ ನಗುವಂತಿಲ್ಲ.

ಕಿತ್ತಳೆಯ ಹಣ್ಣಿಗೆ ಸ್ಪೇನಿನಲ್ಲಿ “ನರಾನ್ಹ” ಎನ್ನುತ್ತಾರೆ. ಅದು ಅರಬ್ಬಿಯಿಂದ, ಅರಬ್ಬಿಗೆ ಪಾರಸಿಯಿಂದ, ಪಾರಸಿಗೆ ನಮ್ಮ ಸಂಸ್ಕೃತದ “ನಾರಂಗ”ದಿಂದ ಬಂದದ್ದು; ಅದರ ಬೇರು ದ್ರಾವಿಡ ಭಾಷೆಗಳಲ್ಲಿರಬಹುದೆಂದು ವಿದ್ವಾಂಸರ ಊಹೆ. ಪೋರ್ಟೊರಿಕೊದವರು ಅದೇ ಹಣ್ಣನ್ನು “ಚೀನ” ಎನ್ನುತ್ತಾರೆ. ಸಿಹಿ ಕಿತ್ತಳೆ ಚೀನಾ ಕಡೆಯಿಂದ ಬಂದದ್ದೆಂಬ ನೆನಪು ಆ ಹೆಸರಿನಲ್ಲಿದೆ. ಇವೆರಡರಲ್ಲಿ ಯಾವುದು ಕೆಟ್ಟ ಮಾತು?

ಸ್ಪೇನಿನಲ್ಲಿ 1713ರಲ್ಲಿ ಸ್ಥಾಪಿತವಾದ ರಾಜ ಅಕಾಡೆಮಿ ಬಹುಕಾಲ ಭಾಷೆಗೆ ಯಜಮಾನನಂತಿತ್ತು. 1951ರಲ್ಲಿ ಸ್ಪ್ಯಾನಿಷ್ ನಾಡುಗಳ ಅಕಾಡೆಮಿಗಳು ಒಂದು ಸಂಘವಾಗಿ ಕೂಡಿದವು. 2010ರಲ್ಲಿ ಆ ಸಂಘವೇ ಅಮೆರಿಕ ಖಂಡದ ಸ್ಪ್ಯಾನಿಷ್ ಮಾತುಗಳಿಗಾಗಿ ಒಂದು ದೊಡ್ಡ ನಿಘಂಟನ್ನು ಹೊರತಂದಿತು. ಪಂಡಿತರೇ ಬೀದಿಗಿಳಿದು ಮಾತುಗಳನ್ನು ಆಯ್ದಿರುವಾಗ ನಾವು ಮೂಗು ಮುರಿಯುವುದು ತರವಲ್ಲ.

ಹಾಗೆಂದು ಎಲ್ಲ ಮಾತೂ ಎಲ್ಲ ಕಡೆ ಸಲ್ಲುವುದಿಲ್ಲ. ಸ್ಪೇನಿನಲ್ಲಿ “ಹಿಡಿ, ತೆಗೆದುಕೋ” ಎಂಬುದಕ್ಕೆ ನಿತ್ಯವೂ ಬಳಸುವ ಒಂದು ಕ್ರಿಯಾಪದ ಮೆಕ್ಸಿಕೊದಲ್ಲಿಯೂ ಅರ್ಜೆಂಟೀನದಲ್ಲಿಯೂ ಅಸಭ್ಯ. ನೀನು-ನೀವುಗಳ ಸೂಕ್ಷ್ಮವೂ ಉಂಟು. “ತೂ” ಎಂದರೆ ನೀನು, “ಉಸ್ತೇದ್” ಎಂದರೆ ನೀವು. ಆದರೆ ಬೊಗೊಟಾ ಕಡೆಯ ಕೊಲಂಬಿಯದವರು ಮನೆಯವರನ್ನೂ ಗೆಳೆಯರನ್ನೂ “ಉಸ್ತೇದ್” ಎನ್ನುವುದುಂಟು. ಅದು ದೂರವಿಡುವ ಮಾತಲ್ಲ.

ಇಷ್ಟನ್ನು ತಿಳಿದು ಸೊಸೆಗೆ ಹೀಗೆ ಹೇಳಿದೆ: “ನೋಡಮ್ಮ, ಮಾತು ಕೇಳಿ ಬಡಾವಣೆಯನ್ನು ತಳ್ಳಿಹಾಕಬೇಡ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಆ ಬೀದಿಯಲ್ಲಿ ನಡೆದು ನೋಡು. ರೈಲಿನ ಸದ್ದು ಮಲಗುವ ಕೋಣೆಗೆ ಬರುತ್ತದೆಯೆ, ಶಾಲೆ ಎಷ್ಟು ದೂರ, ಬಾಡಿಗೆ ನಿಮ್ಮ ಕೈಗೆಟುಕುವುದೆ, ಇವನ್ನು ವಿಚಾರಿಸು. ದಿನಸಿ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು, ಒಬ್ಬರನ್ನೊಬ್ಬರು ಹೇಗೆ ಮಾತಾಡಿಸುತ್ತಾರೆ ಕೇಳು. ಹೊಸಬಳಾದ ನೀನು ಎಲ್ಲರಿಗೂ ‘ಉಸ್ತೇದ್’ ಎನ್ನು. ಅವರು ‘ತೂ’ ಎಂದಾಗ ನೀನೂ ಅನ್ನಬಹುದು. ತಿಳಿಯದ ಮಾತನ್ನು ನಗದೆ ಕೇಳಿ ತಿಳಿದುಕೋ.”

ಅವರು ರೂಸ್‌ವೆಲ್ಟ್ ಅವೆನ್ಯೂವಿನ ಗದ್ದಲದಿಂದ ಸ್ವಲ್ಪ ಒಳಗಡೆ ಮನೆ ಹಿಡಿದರು. ಕೆಳಗಿನ ಮನೆಯಲ್ಲಿ ಎಕ್ವಡಾರಿನ ಅಜ್ಜಿ, ಎದುರಿಗೆ ಡೊಮಿನಿಕನ್ ಸಂಸಾರ. ಈಗ ಶಾಲೆಗೆ ಹೋಗುವ ಹುಡುಗ ಎದುರುಮನೆಯಲ್ಲಿ “ಗ್ವಾಗ್ವಾ” ಎಂದರೆ ಬಸ್ಸೆಂದೂ ಕೆಳಗಿನ ಮನೆಯಲ್ಲಿ ಕೂಸೆಂದೂ ಬಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುತ್ತಾನೆ. ಮೊನ್ನೆ ಫೋನಿನಲ್ಲಿ, “ತಾತ, ನಿಮ್ಮೂರಲ್ಲೂ ಒಂದೇ ಮಾತಿಗೆ ಎರಡು ಅರ್ಥ ಇದೆಯಾ?” ಎಂದು ಕೇಳಿದ. ತುಟ್ಟಿಯ ಕಥೆಯನ್ನು ಅವನಿಗೂ ಹೇಳಿದೆ.

“ಆ ಹುಡುಗನಿಗೆ ಸಾರಿ ಹೇಳಿದ್ರಾ?” ಎಂದ.

ಹೇಳಿರಲಿಲ್ಲ. ಅವನು ಈಗ ಎಲ್ಲಿದ್ದಾನೋ ಕಾಣೆ. ಈ ಪುಟವೇನಾದರೂ ಅವನ ಕೈಗೆ ಸಿಕ್ಕಿದರೆ, ಅವನು ಬರೆದ ಶಬ್ದ ಸರಿಯಾಗಿಯೇ ಇತ್ತೆಂದು ಅವನ ಮೇಷ್ಟರು ಒಪ್ಪಿಕೊಂಡಿದ್ದಾರೆಂದು ತಿಳಿಯಲಿ.