ಅಂಗಳದ ನೀರು



ನಮ್ಮ ಜಹೀರಾಬಾದು, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಹಳೆಯ ಮನೆಗಳು ಇನ್ನೂ ಉಳಿದಿವೆ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತೇ ಹೊರತು ಮನೆ ಕಟ್ಟುವ ಬಗೆ ಬದಲಾಗಲಿಲ್ಲ. ಬೀದರ, ಕಲಬುರಗಿಗಳಂತೆ ಇಲ್ಲಿಯೂ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮುಂದೆ ಅಂಗಳ. ಇಂತಹ ಮನೆಗಳನ್ನು ಹೆಚ್ಚಾಗಿ ಕೆಡಿಸುವುದು ಮಳೆ ನಿಂತ ಮೇಲೂ ಗೋಡೆಯ ಬುಡದಲ್ಲಿ ಉಳಿಯುವ ನೀರು.

ಕಟ್ಟಿದ ಹಿರಿಯರು ಇದನ್ನು ಅರಿಯದವರಲ್ಲ. ಅಂದು ಬೀದಿ ತಗ್ಗಿನಲ್ಲಿತ್ತು, ಅಂಗಳ ಮೇಲಿತ್ತು. ಬೀದಿಯ ಮೇಲೆ ಕಲ್ಲು, ಡಾಂಬರು, ಕಾಂಕ್ರೀಟು ಪದರ ಪದರವಾಗಿ ಬಿದ್ದು ಅನೇಕ ಕಡೆ ಅಂಗಳವೇ ಹಳ್ಳವಾಗಿದೆ. ಆಗ ಮನೆಯವರು ಗೋಡೆಗೆ ಸುಣ್ಣ ಬಳಿಯುತ್ತಾರೆ, ಸಿಮೆಂಟು ಮೆತ್ತುತ್ತಾರೆ. ತೇವ ಮಾತ್ರ ಒಳಗೊಳಗೇ ಮೇಲೇರುತ್ತದೆ.

ಮೊದಲು ಮಣ್ಣಿನ ಗುಣವನ್ನು ತಿಳಿಯಬೇಕು. ಜಹೀರಾಬಾದಿನಿಂದ ಬೀದರದವರೆಗೆ ಹಬ್ಬಿದ ಎತ್ತರದ ನೆಲದಲ್ಲಿ ಜಂಬಿಟ್ಟಿಗೆ ಕಲ್ಲು, ಕೆಂಪು ಮಣ್ಣು ಉಂಟು; ಅಲ್ಲಿ ನೀರು ಸಾಧಾರಣವಾಗಿ ಬೇಗ ಇಂಗುತ್ತದೆ. ತಾಂಡೂರಿನ ಕಡೆ ಎರೆಮಣ್ಣು ಹೆಚ್ಚು. ಅದು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರೊಡನೆ ತಳಪಾಯವೂ ಅಲುಗಿ ಗೋಡೆ ಸೀಳುತ್ತದೆ. ಆದುದರಿಂದ ಒಂದೂರಿನಲ್ಲಿ ಫಲಿಸಿದ ಉಪಾಯ ಇನ್ನೊಂದೂರಿನಲ್ಲಿ ಅಪಾಯವಾಗಬಹುದು. ವಿದ್ಯಾರ್ಥಿಗಳು ಮೊಳದುದ್ದದ ಗುಣಿ ತೋಡಿ, ನೀರು ತುಂಬಿ, ಎಷ್ಟು ಹೊತ್ತಿನಲ್ಲಿ ಇಂಗಿತೆಂದು ಬರೆದಿಟ್ಟುಕೊಳ್ಳಲಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ಇಂಗುಗುಂಡಿ ತೋಡುವುದು ವ್ಯರ್ಥ. ಇಂಗುವ ನೆಲದಲ್ಲಿಯೂ ಗುಂಡಿಯು ಗೋಡೆಯಿಂದ ದೂರವಿರಬೇಕು. ಬಚ್ಚಲ ನೀರು ಸೇರುವುದಾದರೆ ಕುಡಿಯುವ ನೀರಿನ ಬಾವಿಯಿಂದ 15 ಮೀಟರಾದರೂ ಆಚೆಗಿರಬೇಕು.

ಮುಖ್ಯವಾದ ಕೆಲಸ ಇಳಿಜಾರು. ಗೋಡೆಯಿಂದ ಹೊರಕ್ಕೆ ಮೊದಲ 3 ಮೀಟರಿನಲ್ಲಿ ನೆಲವು 15 ಸೆಂಟಿಮೀಟರು ತಗ್ಗಬೇಕು. ಮಣ್ಣನ್ನು ಸುಮ್ಮನೆ ಸುರಿದರೆ ಸಾಲದು. ತೆಳುವಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಬೇಕು. ಬುಡದ ಕಲ್ಲುಸಾಲನ್ನು ಮುಚ್ಚಿ ಮಣ್ಣು ಏರದಿರಲಿ. ಏರಿಸಲು ಎಡೆಯಿಲ್ಲದಿದ್ದರೆ ಆಚೆಯ ಅಂಚನ್ನು ತಗ್ಗಿಸಬೇಕು. ತಾಂಡೂರಿನ ಫರಸಿ ಹಾಸುವುದಾದರೆ ಮೀಟರಿಗೆ 2 ಸೆಂಟಿಮೀಟರು ಇಳುಕಲು ಸಾಕು. ಆದರೆ ಆ ನುಣುಪಾದ ಕಲ್ಲು ನೀರನ್ನು ಹೀರದು. ಇಳಿಜಾರು ಗೋಡೆಯ ಕಡೆಗಿದ್ದರೆ ಬರಿಯ ಮಣ್ಣಿನ ಅಂಗಳಕ್ಕಿಂತ ಹೆಚ್ಚು ಕೇಡು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು. ಮೇಸ್ತ್ರಿಯ ಕಣ್ಣಳತೆಯನ್ನು ನಾವು ಗೌರವಿಸುತ್ತೇವೆ. ಆದರೂ ಕೊಳವೆಯಿಂದ ಒಮ್ಮೆ ನೋಡುವುದು ಲೇಸು.

ಮಾಳಿಗೆಯ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಉಳಿದೆಲ್ಲ ಶ್ರಮ ನಿಷ್ಫಲ. ಅದನ್ನು ಕೊಳವೆಯಿಂದ ಹೊರಚರಂಡಿಗೆ ಒಯ್ಯಬೇಕು.

ಬೀದಿಯೇ ಎತ್ತರವಾಗಿರುವ ಮನೆಗೆ ಒಂಟಿಯಾಗಿ ಪರಿಹಾರವಿಲ್ಲ. ನಮ್ಮ ನೀರನ್ನು ನೆರೆಮನೆಯ ಗೋಡೆಗೆ ತಿರುಗಿಸಿದರೆ ಆ ಮನೆಯ ಮಕ್ಕಳು ತೇವದ ಕೋಣೆಯಲ್ಲಿ ಮಲಗಬೇಕಾದೀತು. ಓಣಿಯವರೆಲ್ಲರೂ ಕೂಡಿ ಅತಿ ತಗ್ಗಿನ ಸ್ಥಳವನ್ನು ಗುರುತಿಸಿ, ಅಲ್ಲಿಗೆ ಒಂದೇ ಚರಂಡಿ ತೆಗೆಯಲು ಪುರಸಭೆಗಾಗಲಿ ಪಂಚಾಯತಿಗಾಗಲಿ ಅರ್ಜಿ ಕೊಡಬೇಕು. ಬೆಚ್ಚನೆಯ ಕಾಲದಲ್ಲಿ ಸೊಳ್ಳೆಯ ಮೊಟ್ಟೆಯು ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನಗಳೇ ಸಾಕು. ಒಂದು ಮನೆಯ ಹಳ್ಳದಲ್ಲಿ ಹುಟ್ಟಿದ್ದು ಓಣಿಯನ್ನೆಲ್ಲ ಕಚ್ಚುತ್ತದೆ.

ಮೃಗಶಿರಾ ಮಳೆ ಜೂನ್ ಮೊದಲ ವಾರದ ಕೊನೆಗೆ ಹೂಡುತ್ತದೆ. ಮೇ ತಿಂಗಳ ರಜೆಯಲ್ಲಿಯೇ ಚರಂಡಿಯ ಹೂಳನ್ನು ತೆಗೆದಿಡಿರಿ. ಮೊದಲ ಮಳೆ ಬಂದಾಗ ಮಕ್ಕಳು ಜಗುಲಿಯ ಮೇಲೆ ನಿಂತು, ನೀರು ಎಲ್ಲಿ ತಡೆಯುತ್ತದೆಂದು ನೋಡಿ, ಮಳೆ ನಿಂತೊಡನೆ ಅಲ್ಲಲ್ಲಿ ಒಂದೊಂದು ಗೂಟ ನೆಡಲಿ.