ಶ್ರೀಶೈಲದ ಹಾದಿ ಮತ್ತು ನಮ್ಮ ಕಾಲು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಎದೆಯ ಮೇಲೆ ಇಷ್ಟಲಿಂಗವಿರುವಾಗ ಸ್ಥಾವರಲಿಂಗದ ಗುಡಿಗೆ 12 ದಿನ ನಡೆಯುವುದೇಕೆ ಎಂದು ನಮ್ಮ ಬಳಗದವರೇ ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಗುಡಿಗಾಗಿ ಹೊರಟವನಲ್ಲ. ಅಕ್ಕಮಹಾದೇವಿ ಕದಳಿಗೆ ನಡೆದ ದಿಕ್ಕಿನಲ್ಲಿ ಒಮ್ಮೆಯಾದರೂ ನಡೆಯಬೇಕೆಂಬ ಆಸೆಯಿತ್ತು. ಅಲ್ಲದೆ, 34 ವರ್ಷ ಸರ್ಕಾರಿ ಇಂಜಿನಿಯರನಾಗಿ ರಸ್ತೆ ಮಾಡಿಸಿದವನು ಜೀಪಿನಿಂದಿಳಿದು ಆ ರಸ್ತೆಯ ಮೇಲೆ ಎರಡು ಮೈಲಿ ನಡೆದಿರಲಿಲ್ಲ. ಉಳಿದ ಚರ್ಚೆ ಬಲ್ಲವರು ಮಾಡಲಿ. ನಾನು ಕಾಲಿನ ಮಾತಿಗೆ ಬರುತ್ತೇನೆ.

2018ರ ಯುಗಾದಿಗೆ ಇಳಕಲ್ಲಿನ ಕಡೆಯ ತಂಡವೊಂದರ ಜೊತೆ ಹೊರಟೆ. ದಿನಕ್ಕೆ ಸುಮಾರು 30 ಕಿ.ಮೀ. ಬೆಳಗಿನ 3 ಗಂಟೆಗೆ ಎದ್ದು ನಡೆಯಬೇಕು, 11ಕ್ಕೆ ನೆರಳು ಹಿಡಿಯಬೇಕು, ಇಳಿಹೊತ್ತಿನಲ್ಲಿ ಮತ್ತೆ ಹೊರಡಬೇಕು. ಮಧ್ಯಾಹ್ನದ ಡಾಂಬರು ಹಂಚಿನ ಹಾಗೆ ಕಾದಿರುತ್ತದೆ.

ರಸ್ತೆಯ ನಡು ಎತ್ತರ, ಅಂಚು ತಗ್ಗು. ನೀರು ಹರಿದುಹೋಗಲೆಂದು ನಾವೇ ಹಾಗೆ ಮಾಡಿಸುತ್ತೇವೆ. ದಿನವಿಡೀ ಒಂದೇ ಅಂಚು ಹಿಡಿದು ನಡೆದರೆ ಒಂದು ಕಾಲು ಸದಾ ತಗ್ಗಿನಲ್ಲೇ ಬೀಳುತ್ತದೆ. ಮೂರನೆಯ ದಿನ ನನ್ನ ಮೊಣಕಾಲು ನನಗೆ ಆ ಪಾಠ ಹೇಳಿತು. ಆದ್ದರಿಂದ ಬಲಬದಿಯ ಮಣ್ಣಿನ ದಾರಿ ಹಿಡಿಯಿರಿ. ಎದುರಿನಿಂದ ಬರುವ ಲಾರಿಯೂ ಕಾಣುತ್ತದೆ. ಕತ್ತಲಲ್ಲಿ ಬೆನ್ನಿಗೊಂದು ಹೊಳೆಯುವ ಪಟ್ಟಿ ಇರಲಿ, ಕಾವಿಯ ಶಾಲು ಡ್ರೈವರನ ಕಣ್ಣಿಗೆ ಬೀಳುವುದಿಲ್ಲ.

ನೀರು ಬರೇ ನೀರಾಗಿ ಕುಡಿದರೆ ಸಾಲದು. ಲೀಟರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರು ಮೊದಲೇ ವೈದ್ಯರನ್ನು ಕೇಳಿರಿ. ದಾಸೋಹದ ಮಾತು ಹೇಳಲೇಬೇಕು. ಹಾದಿಯುದ್ದಕ್ಕೂ ಕೈಹಿಡಿದು ಕೂರಿಸಿ ಉಣಿಸುತ್ತಾರೆ, ಒಲ್ಲೆ ಎನ್ನಲು ಮನಸ್ಸು ಬರುವುದಿಲ್ಲ. ಹೋಳಿಗೆ ಉಂಡು ನಡೆಯಲು ಹೋಗಿ ನಾನು ಒಂದು ಮಧ್ಯಾಹ್ನ ಕಳೆದುಕೊಂಡೆ. ತಾಟು, ಲೋಟ ನಿಮ್ಮವೇ ಒಯ್ಯಿರಿ. ದಾಸೋಹದ ಹಿಂದೆ ಬಿದ್ದಿರುವ ಪ್ಲಾಸ್ಟಿಕ್ ಗುಡ್ಡೆ ನೋಡಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಈಗ ಹೇಳಬೇಕೆಂದೇ ಬಂದ ಮಾತು. ನಮ್ಮ ತಂಡದಲ್ಲಿ ನಮ್ಮ ಓಣಿಯ ಹಿರಿಯರೊಬ್ಬರಿದ್ದರು, ನಾನು ಕಾಕಾ ಎನ್ನುವವರು. 20 ವರ್ಷದ ಸಕ್ಕರೆ ಕಾಯಿಲೆ, ಬರಿಗಾಲಿನ ಹರಕೆ. ಕರ್ನೂಲು ಸಮೀಪದ ವಸತಿಯಲ್ಲಿ ಅವರು ಕಾಲು ಚಾಚಿ ಮಲಗಿದ್ದಾಗ ಬ್ಯಾಟರಿ ಬೆಳಕಿಗೆ ಅಂಗಾಲು ಕಂಡಿತು. ರೂಪಾಯಿ ಅಗಲದ ಸುಟ್ಟ ಗಾಯ, ಸುತ್ತ ಕೆಂಪು.

“ಕಾಕಾ, ಉರಿಯೂದಿಲ್ಲೇನ್ರಿ?”

“ಏನೂ ಗೊತ್ತಾಗವಲ್ದೋ ತಮ್ಮಾ. ಮಲ್ಲಯ್ಯ ನಡಸ್ತಾನ.”

ಗೊತ್ತಾಗದಿರುವುದೇ ರೋಗ. ಆ ಕಾಯಿಲೆ ಕಾಲಿನ ನರಗಳನ್ನು ಮಂಕಾಗಿಸುತ್ತದೆ, ನೋವು ಬಂದು ಎಚ್ಚರಿಸುವುದಿಲ್ಲ. ಇದು ನನಗೆ ತಿಳಿದಿತ್ತು. “ಗಾಡಿ ಹತ್ತ್ರಿ” ಎಂದು ಒಂದು ಸಲ ಅಂದೆ. “ಹರಕಿ ಮುರೀಬ್ಯಾಡ” ಅಂದರು. ಹರಕೆಗೆ ಅಡ್ಡ ಬಂದವನೆಂಬ ಮಾತು ನನಗೆ ಬೇಡವಾಗಿತ್ತು, ಸುಮ್ಮನಾದೆ. ವಾರಕ್ಕೊಮ್ಮೆ ಇಲ್ಲಿ ಕೂತು, ಈ ದೇಹವೇ ಗುಡಿ ಎಂದ ಶರಣರ ಮಾತು ಕೇಳುವವನು ನಾನು!

ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಅಡವಿ. ಹುಲಿಗಳ ಕಾಡು, ಒಬ್ಬರೇ ಹಿಂದುಳಿಯಬಾರದು, ಒಲೆ ಹೂಡಬಾರದು. ನಾಗಲೂಟಿ, ಪೆದ್ದಚೆರುವು, ಆಮೇಲೆ ಭೀಮನಕೊಳ್ಳದ ಆಳಕ್ಕೆ ಇಳಿದು ಕೈಲಾಸದ್ವಾರಕ್ಕೆ ಮೆಟ್ಟಿಲು ಹತ್ತಬೇಕು. ಇಳಿಯುವಾಗ ಬೆರಳು ಬೂಟಿಗೆ ಬಡಿಯುತ್ತವೆ, ಉಗುರು ಮೊದಲೇ ತೆಗೆದಿರಬೇಕು. ಕಾಕಾ ಆ ಮೆಟ್ಟಿಲನ್ನೂ ಬರಿಗಾಲಲ್ಲೇ ಹತ್ತಿದರು. ಕೈಲಾಸದ್ವಾರದಲ್ಲಿ ಎಲ್ಲರೂ ಜಯಕಾರ ಹಾಕುವಾಗ ನಾನು ಅವರು ಊರಿದ ಕಲ್ಲಿನ ಮೇಲಿನ ಹಸಿ ಗುರುತು ನೋಡುತ್ತಿದ್ದೆ. ಊರಿಗೆ ಬಂದ ಮೂರು ವಾರಕ್ಕೆ ಎರಡು ಬೆರಳು ತೆಗೆದರು.

ಆಸ್ಪತ್ರೆಗೆ ಹೋಗಿ ತಪ್ಪೊಪ್ಪಿಕೊಂಡೆ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನೀ ಇಂಜಿನಿಯರ್ ಅದಿ, ಇನ್ನೊಂದ್ ಸಲ ಜೋರಾಗಿ ಹೇಳಬೇಕಿತ್ತು” ಎಂದರು.

ಮರುವರ್ಷ ಅವರು ತಂಡದ ಗಾಡಿಯಲ್ಲಿ ಬಂದರು. ಪ್ರತಿ ಸಂಜೆ ಒಂದು ಬೋಗುಣಿ ಬಿಸಿನೀರು, ಒಂದು ದೀಪ, ಒಂದು ಟವೆಲ್ ಇಟ್ಟುಕೊಂಡು ಕೂರುತ್ತಿದ್ದರು. ಒಬ್ಬೊಬ್ಬರ ಕಾಲನ್ನೂ ತೊಳೆದು, ಬೆರಳ ಸಂದಿಯವರೆಗೆ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಿರಿಯರ ಕೈಗೆ ಕಾಲು ಕೊಡಲು ನಾಚಿದವರಿಗೆ ಬೈಗುಳ. ಗುಳ್ಳೆಯೆದ್ದರೆ ಚರ್ಮ ಕೀಳಗೊಡುತ್ತಿರಲಿಲ್ಲ, ಶುದ್ಧ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದರು. ಆ ವರ್ಷ ಐದು ಮಂದಿಯನ್ನು ಗಾಡಿ ಹತ್ತಿಸಿದರು. ಅವರಲ್ಲಿ ನಾನೂ ಒಬ್ಬ. ಹಿಮ್ಮಡಿ ಒಡೆದು ಕೀವಾಗಿತ್ತು, ನಾನು ಕಾಲುಚೀಲದಲ್ಲಿ ಮುಚ್ಚಿಟ್ಟುಕೊಂಡಿದ್ದೆ.

ಈ ಸಲ ಹೊರಡುವವರು ಬೂಟನ್ನು ಈಗಲೇ ಕೊಳ್ಳಿರಿ, ಸಂಜೆಯ ಹೊತ್ತು, ಕಾಲು ಊದಿರುವಾಗ, ಒಂದು ಅಳತೆ ದೊಡ್ಡದು. ಎರಡು ತಿಂಗಳು ಅದರಲ್ಲೇ ತಿರುಗಾಡಿ ಪಳಗಿಸಿರಿ. ಹೊರಡುವ ಹಿಂದಿನ ಸಂಜೆ ಇದೇ ಮಠದ ಅಂಗಳದಲ್ಲಿ ಕಾಕಾ ಬೋಗುಣಿ ಇಟ್ಟುಕೊಂಡು ಕೂರುತ್ತಾರೆ. ಬರಿಗಾಲಿನ ಹರಕೆ ಹೊತ್ತವರು ಮೊದಲು ಅವರ ಕಾಲು ನೋಡಿ, ಆಮೇಲೆ ನಿಮ್ಮ ಕಾಲು ತೋರಿಸಿರಿ.